ಅಜ್ಜಿಯ ಸ್ಪೀಕರಿನಲ್ಲಿ ಬಾತುಕೋಳಿ

ಮೈಸೂರಿನಿಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ಬರೆದ ಕಾಗದ ಈ ವಾರದ ಅಂಕಣವನ್ನು ಪೂರ್ತಿ ನುಂಗಿಬಿಟ್ಟಿದೆ. ಉಳಿದವರ ಪ್ರಶ್ನೆಗಳು ಮುಂದಿನ ವಾರಕ್ಕೆ.

“ಸಂಜೆ ದೀಪ ಹಚ್ಚಿದ ಮೇಲೆ ನಮ್ಮಜ್ಜಿ ದೇವರನಾಮ ಕೇಳುತ್ತಾರೆ. ಹಾಲಿನಲ್ಲಿರುವ ಆಂಪ್ಲಿಫೈಯರಿನಿಂದ ಅವರ ಕೋಣೆಗೆ ಅಪ್ಪ ವೈರ್ ಎಳೆದು ಸ್ಪೀಕರ್ ಇಟ್ಟುಕೊಟ್ಟಿದ್ದಾರೆ. ಈಗ ಎರಡು ತಿಂಗಳಿಂದ ಹಾಡಿನ ಮಧ್ಯೆ ಯಾರೋ ಬಾತುಕೋಳಿಯ ಥರ ಮಾತಾಡುತ್ತಾರೆ. ಅಜ್ಜಿ ಮೊದಲು ದೆವ್ವ ಅಂದುಕೊಂಡರು. ಆಮೇಲೆ ಗೊತ್ತಾಯಿತು, ಮೇಲಿನ ಮನೆ ಅಂಕಲ್ ಹ್ಯಾಮ್ ರೇಡಿಯೊ ಇಟ್ಟಿದ್ದಾರಂತೆ. ತಾರಸಿಯ ಮೇಲಿನ ಅವರ ಆಂಟೆನಾ ತೆಗೆಸಬೇಕು ಅಂತ ಅಸೋಸಿಯೇಷನ್‌ನವರು ಸಹಿ ಹಾಕಿಸಿಕೊಳ್ಳುತ್ತಿದ್ದಾರೆ. ಅಮ್ಮ ಇನ್ನೂ ಹಾಕಿಲ್ಲ. ಹಾಕಬೇಕೋ ಬೇಡವೋ?”

ಎರಡು ವಾರ ತಡೆಯಲು ಹೇಳು, ಮಗು. ಕಾರಣ ಸ್ವಲ್ಪ ಉದ್ದ.

ಹ್ಯಾಮ್ ಎಂದರೆ ಹವ್ಯಾಸಕ್ಕಾಗಿ ರೇಡಿಯೊ ಬಳಸುವವರು. ಸಂಬಳವಿಲ್ಲ, ವ್ಯಾಪಾರವಿಲ್ಲ. ಆದರೆ ಪರೀಕ್ಷೆ ಉಂಟು. ಅದರಲ್ಲಿ ಪಾಸಾದರೆ ಕೇಂದ್ರ ಸರ್ಕಾರ ಲೈಸೆನ್ಸ್ ಕೊಟ್ಟು, ‘ವಿಯು’ ಎಂದು ಶುರುವಾಗುವ ಒಂದು ಕರೆ ಹೆಸರನ್ನೂ ಕೊಡುತ್ತದೆ. 12 ವರ್ಷ ತುಂಬಿದ್ದರೆ ಪರೀಕ್ಷೆಗೆ ಕೂರಬಹುದು, ಅಂದರೆ ನಿನಗೂ ವಯಸ್ಸಾಗಿದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ, ದೆಹಲಿಯ ಹ್ಯಾಮ್ ಭಾರತಿ ಪ್ರಸಾದ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋಗಿದ್ದು ಹವ್ಯಾಸಕ್ಕೆ. ಫೋನುಗಳು ಸತ್ತುಹೋದಾಗ ದ್ವೀಪದ ಸುದ್ದಿಯನ್ನು ಹೊರಗೆ ಮುಟ್ಟಿಸಿದ್ದು ಅವರ ರೇಡಿಯೊ. ನಿಮ್ಮ ತಾರಸಿಯ ಮೇಲಿರುವುದೂ ಅದೇ ಜಾತಿಯ ತಂತಿ. ಹಾಗೆಂದು ಅಜ್ಜಿ ದಿನಾ ಬಾತುಕೋಳಿಯ ಕಾಟ ಸಹಿಸಿಕೊಂಡಿರಲಿ ಎಂದು ನಾನು ಹೇಳುವುದಿಲ್ಲ.

ಈಗ ಬಾತುಕೋಳಿಯ ವಿಷಯ. ಹಾಲಿನಿಂದ ಅಜ್ಜಿಯ ಕೋಣೆಗೆ ಅಪ್ಪ ಎಳೆದ ವೈರ್ ಎಷ್ಟು ಉದ್ದ ಇರಬಹುದು? ಗೋಡೆಯ ಅಂಚು ಹಿಡಿದು, ಬಾಗಿಲು ಸುತ್ತಿ ಹೋಗಿದ್ದರೆ ಹತ್ತು ಮೀಟರಿಗೆ ಕಡಿಮೆಯಿಲ್ಲ. ಹ್ಯಾಮ್‌ಗಳು ಹೆಚ್ಚಾಗಿ ಬಳಸುವ 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 40 ಮೀಟರ್. ಅದರ ಕಾಲು ಭಾಗದಷ್ಟು ಉದ್ದದ ತಂತಿ ಆ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ. ಕಾಲು ಭಾಗ ಎಂದರೆ ಹತ್ತು ಮೀಟರ್! ಅಪ್ಪ ಗೊತ್ತಿಲ್ಲದೆಯೇ ಒಂದು ಒಳ್ಳೆಯ ಆಂಟೆನಾ ಕಟ್ಟಿಬಿಟ್ಟಿದ್ದಾರೆ.

ವೈರ್ ಹಿಡಿದ ಅಲೆ ಆಂಪ್ಲಿಫೈಯರಿನ ಒಳಗೆ ಹೋಗುತ್ತದೆ. ಅಲ್ಲಿರುವ ಟ್ರಾನ್ಸಿಸ್ಟರ್ ಒಂದು ದಿಕ್ಕಿನ ವಿದ್ಯುತ್ತನ್ನು ಸಲೀಸಾಗಿ ಬಿಡುತ್ತದೆ, ಇನ್ನೊಂದು ದಿಕ್ಕಿನದನ್ನು ತಡೆಯುತ್ತದೆ. ರೇಡಿಯೊ ಅಲೆಯಿಂದ ಮಾತನ್ನು ಬಿಡಿಸಿಕೊಳ್ಳಲು ಬೇಕಾದ್ದು ಇದೇ ಗುಣ. ಹಿಂದಿನ ಕಾಲದ ಕ್ರಿಸ್ಟಲ್ ರೇಡಿಯೊ ನಡೆಯುತ್ತಿದ್ದದ್ದೂ ಹೀಗೆಯೇ. ಆದರೆ ಹ್ಯಾಮ್‌ಗಳು ಮಾತಿಗೆ ಬಳಸುವ ಸಿಂಗಲ್ ಸೈಡ್‌ಬ್ಯಾಂಡ್ ಎಂಬ ವಿಧಾನದಲ್ಲಿ ಅಲೆಯ ಒಂದು ಭಾಗವನ್ನು ಕಳಿಸುವುದೇ ಇಲ್ಲ. ಕಳಿಸದ ಆ ಭಾಗವನ್ನು ಕೇಳುವವರ ರೇಡಿಯೊ ತಾನೇ ಸೇರಿಸಿಕೊಳ್ಳುತ್ತದೆ. ನಿಮ್ಮ ಆಂಪ್ಲಿಫೈಯರಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಅದಕ್ಕೇ ಅಂಕಲ್ ಬಾತುಕೋಳಿಯಾಗುತ್ತಾರೆ.

ಅಂದರೆ ಅಂಕಲ್ಲರ ರೇಡಿಯೊ ತನಗೆ ಹೇಳಿದ ಜಾಗದಲ್ಲೇ ನಿಯಮದ ಪ್ರಕಾರ ಮಾತಾಡುತ್ತಿದ್ದರೂ ಹೀಗಾಗಬಹುದು. ಕಿವಿ ಇರಬಾರದ ಪೆಟ್ಟಿಗೆಗೆ ಕಿವಿ ಬಂದಿದೆ, ಅಷ್ಟೆ. ಹೀಗಂದ ಮಾತ್ರಕ್ಕೆ ಅಂಕಲ್ ನಿರಪರಾಧಿ ಎಂದು ತೀರ್ಪು ಕೊಡುತ್ತಿಲ್ಲ. ಕೆಟ್ಟ ಟ್ರಾನ್ಸ್‌ಮಿಟರ್ ತನ್ನ ಅಲೆಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಅಲೆಗಳನ್ನೂ ಉಗುಳುತ್ತದೆ. ಹಿಂದೆ ತಾರಸಿಯ ಆಂಟೆನಾದಿಂದ ದೂರದರ್ಶನ ನೋಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ಜಗಳ. 14.1 ಮೆಗಾಹರ್ಟ್ಸ್‌ನ ನಾಲ್ಕರಷ್ಟು ಎಂದರೆ 56.4. ಅದು ಟಿ.ವಿ.ಯ ಮೂರನೇ ಚಾನೆಲಿನ ಹೊಟ್ಟೆಯೊಳಗೇ ಬೀಳುತ್ತಿತ್ತು, ಪರದೆಯ ಮೇಲೆ ಅಡ್ಡಗೆರೆ ಓಡುತ್ತಿದ್ದವು. ಅದನ್ನು ಸರಿಮಾಡಬೇಕಾದವರು ಹ್ಯಾಮ್. ಅವರ ರೇಡಿಯೊಗೆ ಒಂದು ಫಿಲ್ಟರ್ ಹಾಕಬೇಕು. ಕೇಬಲ್ ಟಿ.ವಿ.ಯಲ್ಲಿ ಈ ಕಾಟ ಕಡಿಮೆ. ಆದರೂ ಹ್ಯಾಮ್‌ಗಳ ಕೈರೇಡಿಯೊ ಬಳಸುವ 144 ಮೆಗಾಹರ್ಟ್ಸ್ ಕೇಬಲಿನೊಳಗೂ ಹರಿಯುತ್ತಿರುತ್ತದೆ. ಟಿ.ವಿ. ಹಿಂದಿನ ಕನೆಕ್ಟರ್ ಸಡಿಲವಾಗಿದ್ದರೆ ಹೊರಗಿನದು ಒಳಗೆ ನುಗ್ಗುತ್ತದೆ. ಬಿಗಿಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಹಾಗಾದರೆ ನಿಮ್ಮ ಮನೆಯದು ಯಾವ ಕಥೆ? ಪತ್ತೇದಾರಿ ಕೆಲಸ ನಿನ್ನದು. ಒಂದು ವಾರ, ಬಾತುಕೋಳಿ ಕೇಳಿದಾಗಲೆಲ್ಲ ತಾರೀಖು, ಗಂಟೆ, ನಿಮಿಷ ಬರೆದಿಡು. ಹ್ಯಾಮ್‌ಗಳು ತಾವು ಯಾವಾಗ ಯಾರೊಂದಿಗೆ ಮಾತಾಡಿದೆವು ಎಂದು ಲಾಗ್‌ಪುಸ್ತಕದಲ್ಲಿ ಬರೆದಿಡುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಎಚ್ಚರಿಕೆ: ಅವರ ಪುಸ್ತಕದಲ್ಲಿ ಗ್ರೀನಿಚ್ ಸಮಯ ಇದ್ದರೂ ಇರಬಹುದು. ನಿನ್ನ ಸಂಜೆ 7.30 ಅವರಲ್ಲಿ 14.00 ಆಗಿರುತ್ತದೆ. ಇದು ಗೊತ್ತಿಲ್ಲದೆ “ನಾನು ಆಗ ರೇಡಿಯೊ ಹಾಕಿರಲೇ ಇಲ್ಲ” ಎಂದು ಮಾತಿಗೆ ಮಾತು ಬೆಳೆಯುವುದು ಬೇಡ.

ಮುಂದಿನದು ಇನ್ನೂ ಸುಲಭ. ಬಾತುಕೋಳಿ ಮಾತಾಡುತ್ತಿರುವಾಗ ಆಂಪ್ಲಿಫೈಯರಿನ ವಾಲ್ಯೂಮ್ ಪೂರ್ತಿ ಇಳಿಸು. ದೇವರನಾಮ ನಿಂತರೂ ಬಾತುಕೋಳಿ ನಿಲ್ಲದಿದ್ದರೆ, ಅದು ವಾಲ್ಯೂಮ್ ತಿರುಪು ದಾಟಿದ ಮೇಲಿನ ದಾರಿಯಿಂದ, ಬಹುಮಟ್ಟಿಗೆ ಸ್ಪೀಕರ್ ವೈರಿನಿಂದಲೇ ಬರುತ್ತಿದೆ. ಎರಡೂ ಒಟ್ಟಿಗೆ ಇಳಿದರೆ, ಮೊಬೈಲಿನಿಂದ ಹಾಡು ತರುವ ವೈರನ್ನು ಬಿಚ್ಚಿ ನೋಡು.

ಸ್ಪೀಕರ್ ವೈರೇ ದಾರಿ ಎಂದಾದರೆ ಮದ್ದು ಅಗ್ಗದ್ದು. ಕಂಪ್ಯೂಟರ್ ವೈರುಗಳ ತುದಿಯಲ್ಲಿ ಒಂದು ಕರಿ ಗಂಟು ಇರುತ್ತದಲ್ಲ, ಅದರೊಳಗಿರುವುದು ಫೆರೈಟ್. ಹಾಡಿನ ವಿದ್ಯುತ್ತನ್ನು ಅದು ಸುಮ್ಮನೆ ಬಿಡುತ್ತದೆ, ರೇಡಿಯೊ ಅಲೆಯನ್ನು ತಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳೆಯಾಕಾರದ ಫೆರೈಟ್ ಸಿಗುತ್ತದೆ. ಅಂಕಲ್ಲರ ಮನೆಯ ಡಬ್ಬಿಯಲ್ಲೇ ನಾಲ್ಕು ಇದ್ದರೂ ಆಶ್ಚರ್ಯವಿಲ್ಲ! ಆಂಪ್ಲಿಫೈಯರಿಗೆ ಆದಷ್ಟು ಹತ್ತಿರದಲ್ಲಿ, ಸ್ಪೀಕರಿನ ಎರಡೂ ತಂತಿಗಳನ್ನು ಜೊತೆಯಾಗಿ ಆ ಬಳೆಯೊಳಗೆ ಎಂಟು–ಹತ್ತು ಸುತ್ತು ಸುತ್ತಬೇಕು. ಒಂದೇ ಸುತ್ತು ಹಾಕಿ “ಏನೂ ಆಗಲಿಲ್ಲ” ಎಂದು ಕೈಬಿಡುವವರೇ ಹೆಚ್ಚು. ತಡೆಯುವ ಶಕ್ತಿ ಸುತ್ತಿನ ವರ್ಗದಂತೆ ಬೆಳೆಯುತ್ತದೆ: ಮೂರು ಸುತ್ತಿಗೆ ಸುಮಾರು ಒಂಬತ್ತು ಪಟ್ಟು. ಸುತ್ತುವ ಮೊದಲು ಆಂಪ್ಲಿಫೈಯರಿನ ಪ್ಲಗ್ ಕಿತ್ತಿಡಲು ಅಪ್ಪನಿಗೆ ಹೇಳು. ಪೆಟ್ಟಿಗೆ ಬಿಚ್ಚುವ ಕೆಲಸ ಯಾರಿಗೂ ಬೇಡ, ಮುಖ್ಯವಾಗಿ ಅಂಕಲ್‌ಗೆ ಬೇಡ. ಅವರು ಒಮ್ಮೆ ಬಿಚ್ಚಿದರೆಂದರೆ, ಮುಂದಿನ ದೀಪಾವಳಿಗೆ ಅದು ಕೆಟ್ಟರೂ ಅವರ ತಲೆಗೇ ಬರುತ್ತದೆ.

ಅವರ ಪಾಲಿನ ಕೆಲಸವೂ ಇದೆ. ಅವರ ಮನೆಯ ಟಿ.ವಿ., ಸ್ಪೀಕರ್ ಎಲ್ಲ ಸರಿಯಾಗಿವೆಯೇ ಎಂದು ಮೊದಲು ತೋರಿಸಲಿ. ಆಂಟೆನಾದ ಒಂದು ತುದಿ ಅಜ್ಜಿಯ ಕೋಣೆಯ ಪಕ್ಕದಲ್ಲೇ ಇಳಿದಿದ್ದರೆ ಆಚೆ ಸರಿಸಲಿ. 100 ವ್ಯಾಟ್‌ನಲ್ಲಿ ಮಾತಾಡುತ್ತಿದ್ದರೆ ಸಂಜೆ ಹೊತ್ತು 25ಕ್ಕೆ ಇಳಿಸಲಿ. ದೂರದಲ್ಲಿ ಕೇಳುವವರ ಮೀಟರಿನಲ್ಲಿ ಮುಳ್ಳು ಒಂದೇ ಒಂದು ಗೀಟು ಇಳಿಯುತ್ತದೆ, ಅಜ್ಜಿಗೆ ಮಾತ್ರ ದೊಡ್ಡ ವ್ಯತ್ಯಾಸ. ಇಷ್ಟಾದ ಮೇಲೂ ಅವರು ಬಾಗಿಲು ತೆರೆಯದಿದ್ದರೆ ದೂರು ಕೊಡಲು ಕೇಂದ್ರ ದೂರಸಂಪರ್ಕ ಇಲಾಖೆ ಇದೆ. ನನ್ನ ಮಟ್ಟಿಗೆ ಸಹಿ ಸಂಗ್ರಹ ಅದಕ್ಕೂ ಆಮೇಲಿನದು.

ಇನ್ನೊಂದು ವಿಷಯ ಅಮ್ಮನಿಗೆ ಹೇಳು. ತೊಂದರೆ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳೂ ರೇಡಿಯೊ ಅಲೆ ಉಗುಳುತ್ತವೆ. ಬ್ಯಾಟರಿಯ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಮೀಡಿಯಂ ವೇವ್‌ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ, ಅದನ್ನು ಹಿಡಿದುಕೊಂಡು ಮನೆಯೆಲ್ಲ ಓಡಾಡು. ಯಾವ ಬಲ್ಬಿನ, ಯಾವ ಚಾರ್ಜರಿನ ಹತ್ತಿರ ‘ಬುರ್’ ಎನ್ನುತ್ತದೋ ಪಟ್ಟಿ ಮಾಡು. ಲಾಗ್‌ಪುಸ್ತಕ ನೋಡಲು ಹೋಗುವಾಗ ಆ ಪಟ್ಟಿಯನ್ನೂ ತೆಗೆದುಕೊಂಡು ಹೋಗು. ದೂರದ ಊರಿನ ಸಣ್ಣ ದನಿ ಕೇಳಲು ರಾತ್ರಿಯೆಲ್ಲ ಕಿವಿಗೊಟ್ಟು ಕೂರುವ ಅಂಕಲ್, ಆ ‘ಬುರ್’ ಯಾರ ಮನೆಯದು ಎಂದು ಎಷ್ಟು ತಿಂಗಳಿಂದ ಹುಡುಕುತ್ತಿದ್ದಾರೋ ಕೇಳು.