ಗೆರೆ ಎಣಿಸುವ ವಿದ್ಯೆ

ಕನ್ನಡದ ಮಾಸ್ತರನಿಗೆ ಪ್ರಾಣಿಶಾಸ್ತ್ರದ ಪ್ರಯೋಗಶಾಲೆಯಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವೇನೂ ಇರಲಿಲ್ಲವೆಂಬುದೇ ನಿಜ. ಕಳೆದ ತಿಂಗಳ ಒಂದು ಮಧ್ಯಾಹ್ನ ನನ್ನ ತರಗತಿಯ ವಿದ್ಯಾರ್ಥಿಗಳೆಲ್ಲ ಅತ್ತ ನಡೆದುಬಿಟ್ಟಿದ್ದರು. ಖಾಲಿ ಬೆಂಚುಗಳಿಗೆ ಹಳಗನ್ನಡವನ್ನು ಬೋಧಿಸಲಾರದೆ ನಾನೂ ಅವರ ಬೆನ್ನು ಹಿಡಿದೆನು.

“ಬರ್ರಿ ಸರ, ಇವತ್ತ ನಿಮಗೂ ಒಂದ ಪಾಠ ಹೇಳತೀನಿ” ಎಂದು ಅಧ್ಯಾಪಿಕೆಯವರು ಸ್ಟೂಲೊಂದನ್ನು ಸರಿಸಿಕೊಟ್ಟರು. ಮೇಜಿನ ಮೇಲೆ ಬರ್ಫು ತುಂಬಿದ ಡಬ್ಬಿ. ಅದರೊಳಗೆ ಕಿರುಬೆರಳ ತುದಿಯಷ್ಟೇ ಇರುವ ನಳಿಕೆಗಳು. ಒಂದರಲ್ಲಿ ‘ಲ್ಯಾಂಬ್ಡಾ’ ಎಂಬ ವೈರಾಣುವಿನ ಡಿ.ಎನ್.ಎ., ಮತ್ತೊಂದರಲ್ಲಿ ಅದನ್ನು ಕತ್ತರಿಸುವ ನಿರ್ಬಂಧಕ ಕಿಣ್ವ. ಇಂತಹ ಕಿಣ್ವಗಳನ್ನು ನಮ್ಮ ದೇಶದಲ್ಲಿಯೇ ತಯಾರಿಸಿ, ತರಗತಿಗೆ ಒಗ್ಗುವಂತೆ ಪೆಟ್ಟಿಗೆ ಕಟ್ಟಿ ಮಾರಿದ ಕೀರ್ತಿ ಪಿ. ಬಾಬು ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಬೆಂಗಳೂರು ಜೀನೈ’ ಸಂಸ್ಥೆಗೆ ಸಲ್ಲತಕ್ಕದ್ದು.

ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳ ಗ್ರಂಥ: ಎ, ಟಿ, ಜಿ, ಸಿ. ಎರಡು ಎಳೆಗಳು ಎದುರುಬದುರಾಗಿ ಹೆಣೆದುಕೊಂಡಿರುತ್ತವೆ; ಎ ಇದ್ದಲ್ಲಿ ಎದುರಿಗೆ ಟಿ, ಜಿ ಇದ್ದಲ್ಲಿ ಸಿ. ಅಂದು ಬಳಸಿದ ‘ಎಕೋ ಆರ್ ಒನ್’ ಎಂಬ ಕಿಣ್ವ ‘ಜಿ ಎ ಎ ಟಿ ಟಿ ಸಿ’ ಎಂಬ ಆರು ಅಕ್ಷರಗಳನ್ನು ಕಂಡಲ್ಲಿ ಮಾತ್ರ ಕತ್ತರಿಯಾಡಿಸುತ್ತದೆ. ಇದರ ಎದುರೆಳೆಯನ್ನು ಬಲದಿಂದ ಎಡಕ್ಕೆ ಓದಿದರೆ ಅಲ್ಲಿಯೂ ‘ಜಿ ಎ ಎ ಟಿ ಟಿ ಸಿ’ ಎಂದೇ ಬರುವುದು! ನನಗಾದರೋ ಆಗ ಮೈಯೆಲ್ಲ ಕಿವಿಯಾಯಿತು. ‘ವಿಕಟಕವಿ’ ಎಂಬ ಮಾತಿನ ಚಮತ್ಕಾರವನ್ನು ಶಾಲೆಯ ಮಕ್ಕಳೂ ಬಲ್ಲರು. ಅಲಂಕಾರಶಾಸ್ತ್ರದವರು ಗತಪ್ರತ್ಯಾಗತವೆಂದು ಹೆಸರಿಟ್ಟು ಇದರ ಜಾತಿಯ ಪದ್ಯಗಳನ್ನೇ ಕಟ್ಟಿದರು. ಅಂಥದನ್ನು ‘ವ್ಯರ್ಥ ಕಸರತ್ತು’ ಎಂದು ತರಗತಿಯಲ್ಲಿ ಎಷ್ಟೋ ಸಲ ಹಳಿದಿದ್ದೇನೆ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯವು ತನ್ನೊಳಗೆ ನುಗ್ಗುವ ವೈರಾಣುವನ್ನು ಕತ್ತರಿಸಿ ಪ್ರಾಣ ಉಳಿಸಿಕೊಳ್ಳುವುದು ಈ ಕಸರತ್ತಿನ ಬಲದಿಂದಲೇ ಎಂದು ತಿಳಿದಾಗ ಸ್ವಲ್ಪ ನಾಚಿಕೆಯಾಯಿತು. ಈ ಕಿಣ್ವಗಳ ಗುಟ್ಟನ್ನು ಬಿಡಿಸಿದ ಆರ್ಬರ್, ನೇಥನ್ಸ್, ಸ್ಮಿತ್ ಎಂಬ ಮೂವರಿಗೆ 1978ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕಿಣ್ವ ಬೆರೆಸಿದ ನಳಿಕೆಯನ್ನು ನಮ್ಮ ಮೈಶಾಖದಷ್ಟೇ, ಎಂದರೆ 37 ಡಿಗ್ರಿ ಬಿಸಿಯಲ್ಲಿ ಒಂದು ತಾಸು ಇಟ್ಟರು. ಅನಂತರ ಕಡಲಪಾಚಿಯಿಂದ ತೆಗೆದ ಅಗರೋಸನ್ನು ಕುದಿಸಿ, ಆರಿಸಿ, ಖರವಸದ ಹಾಗೆ ಹೆಪ್ಪುಗಟ್ಟಿದ ಹಲಗೆಯ ಒಂದು ಅಂಚಿನ ಗುಳಿಗಳಿಗೆ ನೀಲಿ ಬಣ್ಣ ಸೇರಿಸಿದ ದ್ರವವನ್ನು ಹನಿಸಿದರು. ಡಿ.ಎನ್.ಎ. ಋಣವಿದ್ಯುತ್ತನ್ನು ಹೊತ್ತಿರುವುದರಿಂದ ಧನಧ್ರುವದತ್ತ ಸಾಗುತ್ತದೆ. ಜೆಲ್ಲಿನ ಸಂದಿಗಳಲ್ಲಿ ಸಣ್ಣ ತುಣುಕು ನುಸುಳಿ ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಕೊಕಟನೂರಿನ ಜಾತ್ರೆಯ ಸಂದಣಿಯಲ್ಲಿ ಮಕ್ಕಳು ತೂರಿಕೊಂಡು ಹೋಗಿ, ಕಬ್ಬಿನ ಹೊರೆ ಹೊತ್ತವರು ಹಿಂದುಳಿದಂತೆ. ನಡುವೆ ಕರೆಂಟು ಹೋಯಿತು. ನಲವತ್ತು ನಿಮಿಷ ಎಲ್ಲರೂ ಕೈ ಕಟ್ಟಿ ಕುಳಿತೆವು. ಜೆಲ್ಲೂ ಕುಳಿತಿತು.

ಸಂಜೆ ಬಣ್ಣ ಹಚ್ಚಿ ನೋಡಿದಾಗ ಐದು ಗೆರೆಗಳು ಕಂಡವು. ಪುಸ್ತಕದ ಪ್ರಕಾರ ಆರು ಇರಬೇಕು: ಲ್ಯಾಂಬ್ಡಾದ 48,502 ಅಕ್ಷರಜೋಡಿಗಳನ್ನು ಈ ಕಿಣ್ವ ಐದು ಕಡೆ ಕತ್ತರಿಸುತ್ತದೆ. ಆರನೆಯದು ಎಲ್ಲಿ? ಒಂದು ತುಣುಕಿನ ಉದ್ದ 5,804, ಇನ್ನೊಂದರದು 5,643. ಅವೆರಡೂ ಒಂದನ್ನೊಂದು ತಬ್ಬಿಕೊಂಡು ಒಂದೇ ಗೆರೆಯಾಗಿ ತೋರುತ್ತಿದ್ದವು. ಒಬ್ಬ ಹುಡುಗ ಪುಸ್ತಕ ನೋಡಿ ತನ್ನ ವಹಿಯಲ್ಲಿ ಆರು ಗೆರೆ ಎಳೆದಿದ್ದನು. ಅಧ್ಯಾಪಿಕೆಯವರು ಅದನ್ನು ಹೊಡೆದುಹಾಕಿ, “ಕಂಡದ್ದ ಬರಿಯಪ್ಪ, ಓದಿದ್ದಲ್ಲ” ಎಂದರು. ಹಸ್ತಪ್ರತಿಯನ್ನು ತಿದ್ದುವ ನಮ್ಮ ಕಸುಬಿನವರಿಗೂ ಈ ಮಾತನ್ನು ಯಾರಾದರೂ ಹೇಳಬೇಕಾಗಿತ್ತು.

ಆಗ, ಅಥಣಿಯ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಮೆಲ್ಲನೆ ಕೇಳಿದಳು: “ಮೇಡಂ, ಇದರಾಗ ಅಪ್ಪ ಯಾರಂತ ಗೊತ್ತಾಗತೈತೇನ್ರೀ?”

ಕೆಲವರು ನಕ್ಕರು. ನಾನು ನಗಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳಿಗೆ ಸಹಿ ಹಾಕುವ ಕೆಲಸ ನನ್ನದು; ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟ ಅರ್ಜಿಗಳು ಪ್ರತಿ ವರ್ಷವೂ ನನ್ನ ಮೇಜಿಗೆ ಬರುತ್ತವೆ. ನಮ್ಮ ಸೀಮೆಯಲ್ಲಿ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಎಲ್ಲಮ್ಮನಿಗೆ ಬಿಡುವುದನ್ನು ಮುಂಬಯಿ ಸರಕಾರ 1934ರಲ್ಲಿಯೇ ನಿಷೇಧಿಸಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಕಾಯಿದೆಯನ್ನು ಮಾಡಿತು. ಮಕ್ಕಳು ಮಾತ್ರ ತಾಯಿಯ ಹೆಸರೊಂದನ್ನೇ ಹೊತ್ತು ಶಾಲೆಗೆ ಬಂದರು. ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಅವರಿಗೆ ಕೊಡುವ ಮಸೂದೆಯನ್ನು ರಾಜ್ಯದ ಶಾಸನಸಭೆ 2025ರಲ್ಲಿ ಅಂಗೀಕರಿಸಿತು.

ಅಧ್ಯಾಪಿಕೆಯವರು ನಗುವವರನ್ನು ಸುಮ್ಮನಿರಿಸಿ, ನೇರವಾಗಿ ಉತ್ತರಿಸಿದರು. ಈ ಜೆಲ್ಲಿನಿಂದ ಗೊತ್ತಾಗದು. ಮನುಷ್ಯನ ಡಿ.ಎನ್.ಎ.ಯಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಜೋಡಿಗಳಿವೆ. ಕತ್ತರಿಸಿದರೆ ಲಕ್ಷಾಂತರ ತುಣುಕುಗಳಾಗಿ, ಗೆರೆಯ ಬದಲು ಮಸಿ ಚೆಲ್ಲಿದಂತಹ ಪಟ್ಟೆ ಮೂಡೀತು. ಆದರೆ ಅದರಲ್ಲಿ ಕೆಲವೆಡೆ ಒಂದೇ ನುಡಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲವೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆ ತುಣುಕುಗಳನ್ನಷ್ಟೇ ಆರಿಸಿ ತೋರಿಸುವ ಉಪಾಯವನ್ನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಅಲೆಕ್ ಜೆಫ್ರೀಸ್ 1984ರ ಸೆಪ್ಟೆಂಬರ್ 10ರಂದು ಕಂಡರು. ಮಗುವಿನ ಪ್ರತಿಯೊಂದು ಗೆರೆಯೂ ತಾಯಿಯಿಂದ ಬಂದಿರಬೇಕು, ಇಲ್ಲವೇ ತಂದೆಯಿಂದ. ತಾಯಿಯವನ್ನು ಕಳೆದರೆ ಉಳಿದವು ತಂದೆಯವು. ಹೈದರಾಬಾದಿನಲ್ಲಿ ಲಾಲ್‌ಜಿ ಸಿಂಗ್ ಅವರು ಹಾವಿನ ಡಿ.ಎನ್.ಎ.ಯಿಂದ ದೊರೆತ ಶೋಧಕವನ್ನು ಬಳಸಿ ಇದೇ ವಿದ್ಯೆಯನ್ನು ನಮ್ಮಲ್ಲಿ ನೆಲೆಗೊಳಿಸಿದರು. ಕಾಸರಗೋಡಿನ ದಕ್ಷಿಣಕ್ಕಿರುವ ತಲಶ್ಶೇರಿಯ ನ್ಯಾಯಾಲಯದಲ್ಲಿ, ಮಗುವೊಂದರ ತಂದೆ ಯಾರೆಂಬ ವ್ಯಾಜ್ಯ ಅವರ ಸಾಕ್ಷ್ಯದಿಂದ ತೀರ್ಮಾನವಾಯಿತು. ಈಗಿನ ಪ್ರಯೋಗಾಲಯಗಳು ಕತ್ತರಿಸುವ ಕೆಲಸವನ್ನೇ ಬಿಟ್ಟು, ಬೇಕಾದ ಭಾಗವನ್ನಷ್ಟೇ ಕೋಟಿಗಟ್ಟಲೆ ಪ್ರತಿ ತೆಗೆದು ಅಳೆಯುತ್ತವೆ. ಒಂದು ಹನಿ ರಕ್ತವೂ ಹೆಚ್ಚೇ.

“ಆ ಮನಶ್ಯಾ ರಕ್ತಾ ಕೊಡಾಂಗಿಲ್ಲ ಅಂದರ?” ಎಂದಳು ಹುಡುಗಿ.

ಈ ಪ್ರಶ್ನೆಗೆ ಜೀವಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಪತ್ರಿಕೆ ಓದುವ ಚಟವುಳ್ಳ ನನಗೆ ನೆನಪಾದದ್ದನ್ನು ಹೇಳಿದೆನು. ಮುಖ್ಯಮಂತ್ರಿಯೂ ರಾಜ್ಯಪಾಲರೂ ಆಗಿದ್ದ ನಾರಾಯಣ ದತ್ತ ತಿವಾರಿಯವರ ಮೇಲೆ ರೋಹಿತ್ ಶೇಖರ್ ಎಂಬ ಯುವಕ 2008ರಲ್ಲಿ ದಾವೆ ಹೂಡಿದನು. ಅವರು ವರ್ಷಗಟ್ಟಲೆ ರಕ್ತ ಕೊಡಲೊಪ್ಪಲಿಲ್ಲ. 2012ರಲ್ಲಿ ನ್ಯಾಯಾಲಯದ ಆಜ್ಞೆಯಂತೆ ಕೊಡಲೇಬೇಕಾಯಿತು. ಹೈದರಾಬಾದಿನ ವರದಿ ಯುವಕನ ಮಾತನ್ನೇ ಎತ್ತಿಹಿಡಿಯಿತು.

ಅವಳು ಆ ಎರಡು ಇಸವಿಗಳನ್ನು ವಹಿಯ ಅಂಚಿನಲ್ಲಿ ಬರೆದುಕೊಂಡಳು. ಮೇಲೆ ಐದು ಗೆರೆಗಳ ಚಿತ್ರವಿತ್ತು, ಕಂಡಷ್ಟನ್ನೇ ಬರೆದಿದ್ದಳು. ಅಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತೆಂದು ರಾಯಬಾಗ, ಕಾಗವಾಡ, ನಿಪ್ಪಾಣಿಗಳ ಹುಡುಗರೆಲ್ಲ ಚೀಲ ಎತ್ತಿಕೊಂಡರು. ಅವಳು ಮಾತ್ರ ಬಾಗಿಲ ಬಳಿ ನಿಂತು, “ಸರ, ನಾಳೆ ಅರ್ಜಿ ತರತೀನ್ರೀ, ಸಹಿ ಬೇಕಾಗಿತ್ತು” ಎಂದಳು. ತರುವಂತೆ ಹೇಳಿದೆನು.