ಕೀಬೋರ್ಡಿಗೂ ಒಂದು ಸೀಟು

ನಮ್ಮ ಕಡೆಯ ನಾಟಕದ ಖರ್ಚಿನ ಪಟ್ಟಿಯಲ್ಲಿ ಸೀನರಿಗೆ ಬಾಡಿಗೆ ಇರುತ್ತದೆ. ಮೈಕ್‌ಸೆಟ್‌ಗೆ, ಜನರೇಟರಿಗೆ, ಕಿರೀಟಕ್ಕೆ, ಗದೆಗೆ ಇರುತ್ತದೆ. ಕೀಬೋರ್ಡು ಬಂದು ಹೋಗುವುದಕ್ಕೆ ಮಾತ್ರ ಒಂದು ರೂಪಾಯಿಯೂ ಇರುವುದಿಲ್ಲ. ಹೊಸ ಅಗ್ರಹಾರದ ಸುತ್ತಮುತ್ತ ‘ಕುರುಕ್ಷೇತ್ರ’ ಆಡಿಸುವ ಸಮಿತಿಗಳಲ್ಲಿ ನಾನೂ ಇದ್ದವನು. ಹಾಗಾಗಿ ಈ ಬೈಗುಳದಲ್ಲಿ ಮೊದಲ ಪಾಲು ನನ್ನದು.

ಒಂದು ವರ್ಷ ಕೆ.ಆರ್. ನಗರದಿಂದ ಬರಬೇಕಿದ್ದ ಕೀಬೋರ್ಡ್ ಕಲಾವಿದರಿಗೆ, ‘ಸೀನರಿ ಬರೋ ಲಗೇಜ್ ಆಟೊದಲ್ಲೇ ಹಾಕ್ಬಿಡಿ ಮೇಷ್ಟ್ರೇ, ಏನೂ ಆಗಲ್ಲ’ ಅಂದವನು ನಾನೇ. ಉಳಿದದ್ದು ಐನೂರು ರೂಪಾಯಿ. ಕಬ್ಬಿಣದ ಕಂಬಗಳ ಕೆಳಗೆ ಸಿಕ್ಕಿಕೊಂಡು ಬಂದ ವಾದ್ಯದಲ್ಲಿ ಒಂದು ಕರಿ ಕೀ ಕುಸಿದಿತ್ತು. ಅವರು ಮಾತಾಡಲಿಲ್ಲ. ಆ ಸತ್ತ ಕೀಯ ಮೇಲೆ ರಾಗಕ್ಕೆ ಬೇಡದ ಸ್ವರವೇ ಬೀಳುವಂತೆ ಹಾಡು ಹಾಡಿಗೂ ಟ್ರಾನ್ಸ್‌ಪೋಸ್ ಬದಲಿಸಿಕೊಂಡು ಬೆಳಗಿನವರೆಗೆ ನುಡಿಸಿದರು. ಜನಕ್ಕೆ ಗೊತ್ತೇ ಆಗಲಿಲ್ಲ. ನಾವು ಶಾಲು ಹೊದಿಸಿದೆವು. ರಿಪೇರಿಗೆ ಎಷ್ಟಾಯಿತು ಎಂದು ಕೇಳಲಿಲ್ಲ.

‘ಅವರ ವಾದ್ಯ, ಅವರ ಹೊಣೆ, ಒಳ್ಳೆಯ ಬ್ಯಾಗು ತಂದುಕೊಳ್ಳಲಿ’ ಎನ್ನುವವರಿದ್ದಾರೆ. ಬಟ್ಟೆಯ ಬ್ಯಾಗು ಧೂಳು ತಡೆಯುತ್ತದೆ, ಗೀರು ತಡೆಯುತ್ತದೆ. ಮೇಲೆ ಹೇರಿದ ಜನರೇಟರನ್ನು ತಡೆಯುವುದಿಲ್ಲ. ಹಾರ್ಮೋನಿಯಂ ತನ್ನ ಮರದ ಪೆಟ್ಟಿಗೆಯೊಳಗೇ ಮುಚ್ಚಿಕೊಳ್ಳಬಲ್ಲದು. 61 ಕೀಗಳ ಕೀಬೋರ್ಡು ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಮೈಯೆಲ್ಲ ಪ್ಲಾಸ್ಟಿಕ್ಕು, ಮುಖ ಬಯಲು. ಬೈಕಿಗೆ ಅಡ್ಡ ಕಟ್ಟಿದರೆ ಎದುರಿನ ವಾಹನಕ್ಕೆ ತಾಗುತ್ತದೆ, ರಾತ್ರಿ ಬಸ್ಸಿನಲ್ಲಿ ನಿಲ್ಲಿಸಿದರೆ ಉರುಳುತ್ತದೆ. ಇನ್ನು, ಆಟೊಗೆ ಸಾಮಾನು ಹೇರುವವರು ಯಾರು? ನಾವು. ಹೇರಿದವರದ್ದೇ ಹೊಣೆ.

ಇನ್ನೊಂದು ವಾದ ಓದಿಕೊಂಡವರದು: ‘ಅದು ವಾದ್ಯವಲ್ಲ, ಯಂತ್ರ.’ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗಲೂ ಅದು ನಮ್ಮ ಸಂಗೀತಕ್ಕೆ ಒಗ್ಗದ ಪರದೇಶಿ ಪೆಟ್ಟಿಗೆ ಎಂದೇ ವಾದಿಸಿದ್ದರು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಇವತ್ತು ಅದೇ ಪೆಟ್ಟಿಗೆಗೆ ನಾಟಕದ ಮೊದಲು ಕುಂಕುಮವಿಟ್ಟು ಕೈಮುಗಿಯುತ್ತೇವೆ. ಪಕ್ಕದಲ್ಲಿರುವ ಕೀಬೋರ್ಡಿಗೆ ಕುಂಕುಮ ಬೇಡ. ಹೊರೆಯ ಅಡಿಗೆ ತಳ್ಳದಿದ್ದರೆ ಸಾಕು.

ಬೇಕಾದದ್ದು ದೊಡ್ಡದೇನಲ್ಲ. ಅಡಾಪ್ಟರು, ಪೆಡಲು, ಜಾಕುಗಳನ್ನು ಬಿಚ್ಚಿಯೇ ಪೆಟ್ಟಿಗೆಗಿಡಬೇಕು. ಸಿಕ್ಕಿಸಿದಂತೆಯೇ ಬಿಟ್ಟರೆ ಒಂದೇ ಪೆಟ್ಟಿಗೆ ಸಾಕೆಟ್ಟು ಒಡೆಯುತ್ತದೆ. ಗಟ್ಟಿ ಕೇಸು ಇದ್ದರೂ ಮೇಲೆ ಏನನ್ನೂ ಹೇರಬಾರದು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ತರಬೇಕು. ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬಾರದು. ಬೆಳಗಿನ ಜಾವದ ಇಬ್ಬನಿಗೆ ಮೊದಲೇ ಮೇಲೊಂದು ಬಟ್ಟೆ ಹೊದಿಸಬೇಕು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಅನ್ನುವ ಸಮಿತಿಯವರು ಸ್ಟೇಜಿನ ಮೇಲೆ ಬೀಳುವ ಹಾರಗಳನ್ನು ಒಮ್ಮೆ ಎಣಿಸಲಿ. ಒಬ್ಬ ದುರ್ಯೋಧನನ ಕೊರಳಿಗೆ ಬೀಳುವ ಹಾರಗಳಲ್ಲೇ ಒಂದು ಕಾರಿನ ಬಾಡಿಗೆ ಇದೆ. ಆ ಕೀಬೋರ್ಡೇ ನುಡಿಸುವವನ ಮನೆಯ ಅನ್ನ. ಮುಂದಿನ ನಾಟಕಕ್ಕೆ ವೀಳ್ಯ ಕೊಡುವ ದಿನ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಲಿ: ಕೀಬೋರ್ಡಿಗೆ ಬೇರೆ ಗಾಡಿ, ಒಡೆದರೆ ರಿಪೇರಿ ಸಮಿತಿಯದು. ಸೇರಿಸದಿದ್ದರೆ ಆ ವೀಳ್ಯವನ್ನು ಹಿಂದಕ್ಕೆ ತಳ್ಳಿಬಿಡಿ ಎಂದು ನುಡಿಸುವವರಿಗೆ ನಾನೇ ಹೇಳುತ್ತೇನೆ.