ಮನೆಯ ಮಾತು: ಡೇರೆ ಎತ್ತಿದ ಮೇಲೆ

ಕಳೆದ ಮಾಸದಲ್ಲಿ ಕವಿತಾಳಕ್ಕೆ ಹೋಗುವ ಪ್ರಸಂಗವು ನಮಗೆ ಒದಗಿತು. ಸುಗ್ಗಿ ತೀರಿದ ಮೇಲೆ ನಾಟಕ ಕಂಪನಿಯವರು ಡೇರೆ ಹಾಕುತ್ತಿದ್ದ ಬಯಲನ್ನು ಇನ್ನೊಮ್ಮೆ ಕಾಣಬೇಕೆಂದು ಆ ಕಡೆಗೆ ನಡೆದರೆ, ಅಲ್ಲಿ ಅಂಗಡಿಗಳ ಸಾಲು ನಿಂತಿದೆ. ಜೊತೆಗಿದ್ದ ಮೊಮ್ಮಗನು “ಇಲ್ಲಿ ಏನಿತ್ತು ಅಜ್ಜಾ?” ಎಂದು ಕೇಳಿದನು. ಒಂದೇ ಮಾತಿನಲ್ಲಿ ಉತ್ತರ ಹೇಳಲು ನಮಗೆ ಬರಲಿಲ್ಲ.

ಅಲ್ಲಿದ್ದುದು ತಗಡು, ತಟ್ಟಿ, ಬಟ್ಟೆಗಳ ಡೇರೆ. ಮುಂದೆ ಕುರ್ಚಿ, ಹಿಂದೆ ನೆಲ, ಒಂದು ಮಗ್ಗುಲಿಗೆ ಹೆಣ್ಣುಮಕ್ಕಳ ಜಾಗ. ರಂಗದ ಕೆಳಗೆ ಕಾಲಪೇಟಿ ಮತ್ತು ತಬಲೆ. ನಾಂದಿಯ ಸ್ವರವೆದ್ದೊಡನೆ ಮಕ್ಕಳ ಗದ್ದಲವು ತಾನಾಗಿ ಅಡಗುತ್ತಿತ್ತು. ಮೆಚ್ಚಿದ ಪದಕ್ಕೆ ‘ವನ್ಸ್ ಮೋರ್’ ಎಂಬ ಕೂಗು ಬೀಳಲು, ಸಾಯುತ್ತ ಬಿದ್ದ ರಾಜನೂ ಎದ್ದು ಮತ್ತೆ ಹಾಡಿ, ತಿರುಗಿ ಸಾಯುತ್ತಿದ್ದನು! ರಾಗದ ಹೆಸರನ್ನೇ ಅರಿಯದ ಒಕ್ಕಲಿಗನೂ ಮರುದಿನ ಹೊಲದಲ್ಲಿ ಆ ರಾಗವನ್ನೇ ಗುನುಗುವನು.

ಅದು ಬರಿಯ ವಿನೋದದ ಸ್ಥಳವಾಗಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು (1910–1992) ಬಾಲ್ಯದಲ್ಲಿ ರಂಗದ ಮೇಲೆ ಹಾಡುತ್ತಿದ್ದುದನ್ನು ಕೇಳಿಯೇ ಅಪ್ಪಯ್ಯಸ್ವಾಮಿಗಳು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ಗದುಗಿನ ಪಂಚಾಕ್ಷರಿ ಗವಾಯಿಗಳು ತಮ್ಮ ಆಶ್ರಮದ ಅಂಧ ಬಾಲಕರ ಅನ್ನಕ್ಕಾಗಿ ನಾಟಕ ಮಂಡಲಿಯನ್ನೇ ಕಟ್ಟಿದರು. ಅವರ ಶಿಷ್ಯರಲ್ಲೊಬ್ಬರಾದ ಸಿದ್ಧರಾಮ ಜಂಬಲದಿನ್ನಿಯವರು ಈ ರಾಯಚೂರು ಸೀಮೆಯವರೇ. ಜಿಲ್ಲಾ ಪಟ್ಟಣದ ರಂಗಮಂದಿರಕ್ಕೆ ಅವರದೇ ಹೆಸರಿದೆ.

ಡೇರೆಯನ್ನು ಕಿತ್ತವರು ಯಾರು? 1934ರಲ್ಲಿ ‘ಸತಿ ಸುಲೋಚನಾ’ ಚಿತ್ರದೊಡನೆ ಕನ್ನಡದಲ್ಲಿ ಮಾತನಾಡಲಾರಂಭಿಸಿದ ಸಿನೆಮವೆಂದು ಕೆಲವರು, ಮನೆಮನೆಗೆ ಬಂದ ಟೀವಿಯೆಂದು ಕೆಲವರು ಹೇಳುವರು. ಪದಗಳನ್ನು ಕಡಿಮೆ ಮಾಡಿ ಚೇಷ್ಟೆಯ ಮಾತುಗಳನ್ನು ಹೆಚ್ಚಿಸಿದ ಕಂಪನಿಗಳದೂ ತಪ್ಪಿದೆ. ಆದರೆ ನಮ್ಮ ತಪ್ಪನ್ನು ನಾವು ಮರೆಮಾಡಲಾರೆವು. ಕೊನೆಯ ಸಲ ಕಂಪನಿ ಬಂದಾಗ ನಾವು ಟಿಕೀಟು ಕೊಳ್ಳದೆ, ಮನೆಯಲ್ಲಿ ಟೀವಿಯ ಮುಂದೆ ಕುಳಿತಿದ್ದೆವು. ಪೇಟಿಯ ಮಾಸ್ತರರು ದಾರಿಯಲ್ಲಿ ಕಂಡು “ಈ ಸಲ ನೀವು ಬರಲಿಲ್ಲ” ಎಂದಷ್ಟೇ ಅಂದರು. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಹೋದುದಕ್ಕೆ ಅಳುತ್ತ ಕೂಡ್ರುವುದು ಗೃಹಸ್ಥರ ಲಕ್ಷಣವಲ್ಲ. ಡೇರೆಯನ್ನೇ ನೋಡಬೇಕೆನ್ನುವವರು ಪುಷ್ಯಮಾಸದಲ್ಲಿ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಬೇಕು. ಅಲ್ಲಿ ಕಂಪನಿಗಳು ಇನ್ನೂ ಬಂದಿಳಿಯುತ್ತವೆ. ಆದರೆ ಅಷ್ಟು ದೂರ ಹೋಗಲಾರದವರು ಸುತ್ತಲೂ ಕಿವಿಗೊಡಲಿ. ಮಾನವಿ, ದೇವದುರ್ಗಗಳು ದಾಸರ ನಾಡು. ಭಾದ್ರಪದ ಶುದ್ಧ ನವಮಿಯಂದು ಮಾನವಿಯಲ್ಲಿ ಜಗನ್ನಾಥದಾಸರ ಆರಾಧನೆ, ಕಾರ್ತಿಕ ಶುದ್ಧ ದಶಮಿಯಂದು ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆ. ಮೊಹರಮ್ಮಿನಲ್ಲಿ ರಿವಾಯತ್ ಪದಗಳನ್ನು ಹಾಡುವವರು ಹಳ್ಳಿಗಳಲ್ಲಿ ಇರುವರು. ಏಕತಾರಿ ಹಿಡಿದು ತತ್ವಪದ ಹೇಳುವವರೂ ಇಲ್ಲದಿಲ್ಲ. ಇವರಾರಿಗೂ ಡೇರೆ ಬೇಕಾಗಿಲ್ಲ, ಕೇಳುವವರು ಬೇಕು.

ಆದಕಾರಣ ನಮ್ಮ ವಾಚಕರಲ್ಲಿ ಒಂದು ಸೂಚನೆ. ಓಣಿಯ ಹತ್ತು ಮನೆಯವರು ಕೂಡಿ, ತಿಂಗಳಿಗೊಂದು ಸಂಜೆ, ಗುಡಿಯ ಕಟ್ಟೆಯ ಮೇಲಾಗಲಿ ಯಾರೊಬ್ಬರ ಪಡಸಾಲೆಯಲ್ಲಾಗಲಿ ಹಾಡಿಕೆಯನ್ನು ಏರ್ಪಡಿಸಬೇಕು. ಏಳು ಗಂಟೆಗೆ ತೊಡಗಿ ಹತ್ತರೊಳಗೆ ಮುಗಿಸಿದರೆ ಹೆಣ್ಣುಮಕ್ಕಳಿಗೂ ಶಾಲೆಯ ಮಕ್ಕಳಿಗೂ ತೊಂದರೆಯಾಗದು. ಧ್ವನಿವರ್ಧಕ ಬೇಡ, ಹತ್ತಿರ ಕುಳಿತು ಕೇಳುವುದೇ ಅದರ ಸೊಗಸು. ಹಾಡಿದವರಿಗೂ ನುಡಿಸಿದವರಿಗೂ ಊಟ ಹಾಕಿದರೆ ಸಾಲದು, ಎಲ್ಲರೂ ಕೂಡಿಸಿದ ಹಣವನ್ನು ಅಂದೇ ಕೈಗೆ ಕೊಡತಕ್ಕದ್ದು. ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ.

ನಮ್ಮ ಓಣಿಯಲ್ಲಿ ಬರುವ ಹುಣ್ಣಿಮೆಗೆ ಇದನ್ನು ಆರಂಭಿಸಲಿದ್ದೇವೆ. ಪೇಟಿಯ ಮಾಸ್ತರರು ಈಗ ವೃದ್ಧರು, ಬೆರಳುಗಳು ಮೊದಲಿನಂತೆ ಓಡವು. ಆದರೂ ಬರುವೆನೆಂದು ಒಪ್ಪಿದ್ದಾರೆ. ಮೊಮ್ಮಗನ ಪ್ರಶ್ನೆಗೆ ಅಂದು ಅವರೇ ಉತ್ತರ ಕೊಡುವರು. ಈ ಸಲ ನಾವು ಮುಂದಿನ ಸಾಲಿನಲ್ಲಿಯೇ ಕುಳಿತಿರುವೆವು.